ಈಜುಕೊಳದ ಬೇಲಿಗೆ ಬಸಳೆ

ಬೇಲಿ ಕಂಡಲ್ಲಿ ಬಸಳೆ ಹಬ್ಬಿಸುವುದು ನಮ್ಮ ಕರಾವಳಿಯವರ ಹುಟ್ಟುಗುಣ, ಸುಟ್ಟರೂ ಹೋಗುವಂಥದ್ದಲ್ಲ. ಉಡುಪಿಯ ಕಡೆ ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಗೂಟ ನೆಟ್ಟು ಬಸಳೆ ಚಪ್ಪರ ಹಾಕದ ಮನೆ ಮನೆಯೇ ಅಲ್ಲ. ಹಾಗಿರುವಾಗ ಮಲೇಶಿಯಾದ ಸೈಬರ್‌ಜಯಾದಲ್ಲಿ, ಮಗನ ಬಾಡಿಗೆಮನೆಯ ಈಜುಕೊಳದ ಸುತ್ತ ಹೊಚ್ಚಹೊಸ ಬೇಲಿ ಎದ್ದು ನಿಂತರೆ ಜಲಜಕ್ಕ ಕೈಕಟ್ಟಿ ಕೂರುವುದುಂಟೇ? ಕೂರಲಿಲ್ಲ. ಆಮೇಲೆ ಆ ಮನೆಯಲ್ಲಿ ನಡೆದ ರಾಮಾಯಣಕ್ಕೆಲ್ಲ ಬಸಳೆಯೊಂದನ್ನೇ ದೂರಿದರೆ ತಪ್ಪಾಗುತ್ತದೆ.

ಜಲಜಕ್ಕ ಮತ್ತು ಅವರ ಗಂಡ ಸುಬ್ರಾಯ ಮಾಸ್ಟ್ರು ಈ ದೇಶಕ್ಕೆ ಬಂದದ್ದು ಸೊಸೆಯ ಎರಡನೆಯ ಬಾಣಂತನಕ್ಕೆ, ಮೂರು ತಿಂಗಳ ಮಟ್ಟಿಗೆ. ಮಗು ಹುಟ್ಟಿದ ಬೆನ್ನಿಗೇ ಕೊರೋನಾ ಬಂತು, ವಿಮಾನಗಳು ನಿಂತವು, ಊರಿನಿಂದ ಕೆಟ್ಟ ಸುದ್ದಿಗಳು ಬರತೊಡಗಿದವು. ವೀಸಾ ಮುಂದೆ ಹೋಗುತ್ತ ಹೋಯಿತು. ಮಗು ಅನೀಶ ಮಗುಚಿ, ಅಂಬೆಗಾಲಿಟ್ಟು, ಈಗ ಮನೆಯಿಡೀ ಓಡಾಡುವಷ್ಟಾದರೂ ಅಜ್ಜ ಅಜ್ಜಿ ಇಲ್ಲೇ ಇದ್ದರು. ಬೇಸರವೇನೂ ಇರಲಿಲ್ಲ. ಮಗ ಜಯಕರ ಮಣಿಪಾಲದಲ್ಲಿ ಓದಿ ಇಲ್ಲಿನ ಮೆಡಿಕಲ್ ಕಾಲೇಜಿಗೆ ಬಂದ ಡಾಕ್ಟರು. ಸೊಸೆ ಅನಿತಾ ಅದೇ ಕಾಲೇಜಿನಲ್ಲಿ ಪೆಥಾಲಜಿ ಪಾಠ ಹೇಳುವವಳು, ಧಾರವಾಡದ ಹುಡುಗಿ. ಅತ್ತೆ ಮಾವ ತಮ್ಮೊಳಗೆ ತುಳು, ಅವಳ ಹತ್ತಿರ ಕನ್ನಡ. ಹತ್ತು ವರ್ಷದ ಮೊಮ್ಮಗಳು ತನ್ವಿಗೆ ಎರಡೂ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಈಜುಕೊಳದ ಮನೆ ಇವರ ಹಣೆಯಲ್ಲಿ ಬರೆದದ್ದೂ ಕೊರೋನಾದಿಂದಲೇ. ಮೊದಲು ಹದಿನಾಲ್ಕನೆಯ ಮಾಳಿಗೆಯ ಫ್ಲ್ಯಾಟಿನಲ್ಲಿದ್ದರು. ಲಾಕ್‌ಡೌನಿನಲ್ಲಿ ಲಿಫ್ಟಿಗೆ ಹೆದರಿ, ಮಾಸ್ಟ್ರ ಮಂಡಿನೋವಿಗೆ ಹೆದರಿ ಬೇರೆ ಮನೆ ಹುಡುಕಿದರು. ಗೇಟು, ಕಾವಲುಗಾರ ಎಲ್ಲ ಇರುವ ಬಡಾವಣೆಯಲ್ಲಿ ಬಾಡಿಗೆಗೆ ಜನವೇ ಇಲ್ಲದೆ ಖಾಲಿ ಬಿದ್ದಿದ್ದ ಮನೆಯೊಂದು ಅಗ್ಗದಲ್ಲಿ ಸಿಕ್ಕಿತು. ಹಿತ್ತಿಲಲ್ಲಿ ನೀಲಿ ಟೈಲ್ಸಿನ ಕೊಳ. ಜಯಕರನಿಗೆ ಖುಷಿ, ತನ್ವಿಗೆ ಸ್ವರ್ಗ, ಊರಿನ ಹೈಸ್ಕೂಲಿನಲ್ಲಿ ವ್ಯಾಯಾಮ ಕಲಿಸಿ ಅರ್ಧ ಊರಿಗೆ ಈಜು ಕಲಿಸಿದ್ದ ಮಾಸ್ಟ್ರಿಗಂತೂ ಕೇಳುವುದೇ ಬೇಡ. ಅನಿತಾಳಿಗೆ ಮಾತ್ರ ಅನೀಶ ನಡೆಯಲು ಕಲಿತ ದಿನದಿಂದ ನೆಮ್ಮದಿ ಇಲ್ಲ.

"ನೀರು ಖಾಲಿ ಮಾಡಿಸಿಬಿಡೂನ್ರಿ" ಎಂದು ಗಂಡನಿಗೆ ಹೇಳಿದಳು.

"ದಿನಾ ಸಂಜೆ ಮಳೆ ಬರ್ತದೆ ಮಾರಾಯ್ತಿ. ಮೊಣಕಾಲುದ್ದ ಕೊಳಕು ನೀರು ನಿಲ್ತದೆ, ಅದರಲ್ಲಿ ಸೊಳ್ಳೆ, ಆಮೇಲೆ ಡೆಂಗಿ. ಮಗು ಬೀಳ್ಲಿಕ್ಕೆ ಅಷ್ಟು ನೀರೂ ಸಾಕು."

"ಹಂಗಾದ್ರ ಬೇಲಿ ಹಾಕಸ್ರಿ."

ಬೇಲಿ ಅವಳ ಪಾಲಿಗೆ ಸುಮ್ಮನೆ ಹಟದ ಮಾತಾಗಿರಲಿಲ್ಲ. ಸಂಬಳವಿಲ್ಲದ ರಜೆಯನ್ನು ಅವಳು ಎರಡು ಸಲ ಮುಂದೂಡಿಸಿಕೊಂಡಾಗಿತ್ತು. ನವೆಂಬರಿನಲ್ಲಿ ಹುಡುಗರು ಮತ್ತೆ ಕ್ಲಾಸಿಗೆ ಬರುತ್ತಾರೆ, ದೀಪಾವಳಿ ಕಳೆದ ಸೋಮವಾರ ನೀನೂ ಬರಬೇಕು, ಇಲ್ಲವಾದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ವಿಭಾಗದ ಮುಖ್ಯಸ್ಥರು ಸ್ಪಷ್ಟವಾಗಿ ಹೇಳಿದ್ದರು. ತನ್ವಿಯನ್ನು ಬಿಡುತ್ತಿದ್ದ ಶಿಶುವಿಹಾರ ಲಾಕ್‌ಡೌನಿನಲ್ಲಿ ಬಾಗಿಲು ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಅಂದರೆ ಹಗಲಿಡೀ ಅನೀಶ, ಅಜ್ಜ ಅಜ್ಜಿ, ಮತ್ತು ಆ ಕೊಳ. "ಬೇಲಿ ಹಾಕಿ ಅದು ಪಾಸಾಗೂ ತನಕಾ ನಾ ಕೆಲಸಕ್ಕ ಹೋಗಂಗಿಲ್ಲ" ಎಂದು ಅವಳು ಅಡುಗೆಮನೆಯಲ್ಲೇ ನಿಂತು ಸಾರಿದಳು. ಪಾಸಾಗುವುದು ಎಂಬ ಮಾತು ಯಾಕೆಂದರೆ, ಬಡಾವಣೆಯ ಆಡಳಿತ ಸಮಿತಿಯೂ ಆ ತಿಂಗಳೇ ಹೊಸ ನಿಯಮ ಮಾಡಿತ್ತು: ಕೊಳ ಇರುವ ಪ್ರತಿ ಮನೆಗೂ ಬೇಲಿ ಕಡ್ಡಾಯ, ಸಮಿತಿಯ ಕಡೆಯಿಂದ ಒಬ್ಬರು ಬಂದು ನೋಡಿ ಒಪ್ಪಬೇಕು. ಬಾಡಿಗೆಮನೆಯ ಮಾಲೀಕ ಗೊಣಗುತ್ತಲೇ ಖರ್ಚು ಹಾಕಿ ಕರಿ ಬಣ್ಣದ ಕಬ್ಬಿಣದ ಬೇಲಿ ಹಾಕಿಸಿಕೊಟ್ಟ.

ಅನಿತಾಳ ಎದೆ ತಣ್ಣಗಾಯಿತು, ಜಲಜಕ್ಕನ ಎದೆಗೆ ಬೆಂಕಿ ಬಿತ್ತು.

"ನಾನು ಮೂರು ಮಕ್ಕಳನ್ನು ಕಟ್ಟೆ ಇಲ್ಲದ ಬಾವಿಯ ಬದಿಯಲ್ಲಿ ಸಾಕಿದ್ದೇನೆ. ಒಂದಾದರೂ ಬಿತ್ತಾ?" ಎಂದು ಮೀನು ಹೆಚ್ಚುತ್ತ ಕೇಳಿದರು.

"ಅತ್ಯಾರ, ನಾ ನಿಮ್ಮನ್ನ ಏನೂ ಅಂದಿಲ್ರಿ."

"ಅನ್ನುವುದು ಎಂತಕ್ಕೆ? ನನ್ನ ಮೇಲೆ ನಂಬಿಕೆ ಇಲ್ಲ ಅಂತ ಬಾಯಿ ಬಿಟ್ಟು ಹೇಳಿದ್ರೆ ಸಾಕಿತ್ತು. ಅಷ್ಟು ಕಬ್ಬಿಣ ಖರ್ಚಾಗ್ತಿರಲಿಲ್ಲ."

ಮಾಸ್ಟ್ರು ಸೋಫಾದಿಂದಲೇ ಒಗ್ಗರಣೆ ಹಾಕಿದರು. "ಸಮುದ್ರದ ಬದಿಯಲ್ಲಿ ಹುಟ್ಟಿದವರಿಗೆ ಈ ಹೊಂಡಕ್ಕೆ ಬೇಲಿಯಂತೆ! ಅಲ್ಲ ಅನಿತಾ, ನಿಮ್ಮ ಧಾರವಾಡದಲ್ಲಿ ನಲ್ಲಿಗೆ ನೀರು ಬಂದ್ರೆ ಹಬ್ಬ. ನೀರು ಅಂದ್ರೆ ನಿನಗೆ ಹೆದರಿಕೆ ಆಗುವುದು ಸಹಜವೇ."

"ಹೌದ್ರಿ ಮಾಮಾ, ನೀರಿಗೆ ಹೆದರೋರು ಬದುಕತಾರ" ಎಂದಳು ಅನಿತಾ. ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಮೀನಿನ ಸಾರಿಗೆ ಅಂದು ಉಪ್ಪು ಹೆಚ್ಚಾಗಿತ್ತು. ಸಸ್ಯಾಹಾರಿಯಾದ ಅನಿತಾ ಬೇಳೆಸಾರಿನಲ್ಲಿ ಉಂಡು ಪಾರಾದಳು.

ಪಕ್ಕದ ಮನೆ ದೇವಕಿಯಕ್ಕನದು. ಮೂರು ತಲೆಮಾರಿನಿಂದ ಇಲ್ಲೇ ಬೇರೂರಿದ ತಮಿಳರು. ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಮಾಸ್ಕಿನೊಳಗಿನ ಬಾಯಲ್ಲಿ ಏನೋ ಹೇಳುತ್ತ ಸೊಪ್ಪಿನ ಕಟ್ಟು ಚಾಚಿದರು. ಜಲಜಕ್ಕ ನೋಡುತ್ತಾರೆ, ಬಸಳೆ! ಅದೇ ಕೆಂಪು ದಂಟು, ಅದೇ ದಪ್ಪ ಎಲೆ. ಎರಡು ವರ್ಷದಿಂದ ಕಂಡಿರದ ನಾದಿನಿ ಬಾಗಿಲಿಗೆ ಬಂದಷ್ಟು ಸಂತೋಷವಾಯಿತು. ಎಲೆಗಳು ಆ ಮಧ್ಯಾಹ್ನದ ತೆಂಗಿನ ಮಸಾಲೆಯ ಗಸಿಗೆ ಬಿದ್ದವು, ದಂಟುಗಳು ಬೇಲಿಯ ಬುಡದಲ್ಲಿ ನೆಲಕ್ಕೆ ಹೋದವು.

ದಿನಾ ಸಂಜೆ ಮಳೆ, ಬೆಳಿಗ್ಗೆ ಬಿಸಿಲು. ಬಸಳೆಗೆ ಇನ್ನೇನು ಬೇಕು? ಆದರೆ ಬಳ್ಳಿಗೊಂದು ಕಷ್ಟವಿತ್ತು. ಬೇಲಿಗೆ ಇದ್ದದ್ದು ಬರೀ ನೆಟ್ಟನೆಯ ನುಣುಪು ಸರಳುಗಳು. ಮೇಲೊಂದು ಕೆಳಗೊಂದು ಬಿಟ್ಟರೆ ನಡುವೆ ಅಡ್ಡಪಟ್ಟಿಯೇ ಇಲ್ಲ. ಹಬ್ಬಿದ ಬಳ್ಳಿ ಜಾರಿ ಜಾರಿ ಬೀಳುತ್ತಿತ್ತು.

"ಇದನ್ನು ಮಾಡಿದ ಮಹಾನುಭಾವನಿಗೆ ಬಳ್ಳಿ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ" ಎಂದು ಮಾಸ್ಟ್ರು ತೀರ್ಪು ಕೊಟ್ಟರು. ಮಗನ ಕಾರಿನಲ್ಲಿ ಹೋಗಿ ಬಿದಿರಿನ ಕಡ್ಡಿ, ನೈಲಾನ್ ಹಗ್ಗ ತಂದರು. ಗೇಣಿಗೊಂದರಂತೆ ಅಡ್ಡಕ್ಕೆ ಕಡ್ಡಿ ಇಟ್ಟು, ಮೀನುಗಾರ ಗೆಳೆಯರಿಂದ ಕಲಿತ ಗಂಟು ಹಾಕಿ ಬಿಗಿದರು. ಕಟ್ಟಿದ ಮೇಲೆ ಕೈಯಿಂದ ಅಲ್ಲಾಡಿಸಿ ನೋಡಿ, "ಆನೆ ಹತ್ತಿದ್ರೂ ಬೀಳುವುದಿಲ್ಲ" ಎಂದು ಹೆಮ್ಮೆಪಟ್ಟರು. ತಾವು ಏನು ಹೇಳುತ್ತಿದ್ದೇವೆಂದು ಅವರಿಗೇ ಹೊಳೆಯಲಿಲ್ಲ, ಪುಣ್ಯಾತ್ಮ.

ಬೇಲಿಯ ಬಾಗಿಲಿನದು ಇನ್ನೊಂದು ಕಥೆ. ಅದರ ಚಿಲಕವನ್ನು ಮಕ್ಕಳ ಕೈಗೆಟುಕದಷ್ಟು ಮೇಲೆ, ಬೇಲಿಗಿಂತ ಎತ್ತರದ ಕಂಬದಲ್ಲಿ ಇಟ್ಟಿದ್ದರು. ಜಲಜಕ್ಕನದು ಗಿಡ್ಡ ಆಳು, ತುದಿಗಾಲಲ್ಲಿ ನಿಂತರೆ ಮಾತ್ರ ಬೆರಳು ತಾಗುವುದು. ಕೊಳದ ಸುತ್ತಲಿನ ಹಾಸುಗಲ್ಲಿನಲ್ಲಿ ಒಳ್ಳೆ ಬಿಸಿಲು ಬೀಳುತ್ತದೆಂದು ಅವರು ಬಟ್ಟೆ, ಮೆಣಸು, ಹಪ್ಪಳ ಎಲ್ಲವನ್ನೂ ಅಲ್ಲೇ ಒಣಹಾಕುತ್ತಿದ್ದರು. ಒದ್ದೆ ಬಟ್ಟೆಯ ಬಕೆಟು ಹಿಡಿದು ಪ್ರತಿಸಲ ಚಿಲಕಕ್ಕೆ ನೆಗೆಯುವವರಾರು? ಅನೀಶ ಮಲಗಿದ್ದಾಗ ಮಾತ್ರ ಎಂದು, ಬಾಗಿಲು ಮುಚ್ಚಿಕೊಳ್ಳದಂತೆ ಅದಕ್ಕೊಂದು ಕಲ್ಲು ಅಡ್ಡ ಇಟ್ಟರು.

ಅನಿತಾ ಇದನ್ನೆಲ್ಲ ನೋಡಲಿಲ್ಲವೇ ಎಂದರೆ, ನೋಡಿದ್ದಳು. ರಜೆಯಲ್ಲಿದ್ದರೂ ಮೇಲಿನ ಕೋಣೆಯಲ್ಲಿ ಕೂತು ಹುಡುಗರಿಗೆ ಆನ್‌ಲೈನ್ ಪಾಠ ಹೇಳಿಕೊಡುತ್ತಿದ್ದವಳು ಕಿಟಕಿಯಿಂದ ಹಸಿರು ಕಂಡು, "ಚಂದ ಆಗೇತಿ ನೋಡ್ರಿ" ಎಂದು ತಾನೇ ಹೊಗಳಿದ್ದಳು. ಅತ್ತೆ ಸಿಟ್ಟು ಬಿಟ್ಟು ಗಿಡ ಬೆಳೆಸುತ್ತಿದ್ದಾರಲ್ಲ ಎಂಬ ಸಮಾಧಾನ ಬೇರೆ. ಪೆಥಾಲಜಿಯವರಿಗೆ ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಮಾತ್ರ ಕಾಣುವುದು ಎಂದು ಜಯಕರ ಆಮೇಲೆ ತಮಾಷೆ ಮಾಡಿ ಚೆನ್ನಾಗಿ ಬೈಸಿಕೊಂಡ. ಅವನಾದರೂ ಕೋವಿಡ್ ವಾರ್ಡಿನಿಂದ ಬಂದು, ಸ್ನಾನ ಮಾಡಿ, ತಟ್ಟೆಯಲ್ಲಿ ಬಸಳೆ ಸಿಗಡಿ ಕಂಡು ಮೈಮರೆತವನೇ. ಅದು ಎಲ್ಲಿಂದ ಬಂತೆಂದು ಕೇಳಿದವನಲ್ಲ.

ಅಕ್ಟೋಬರ್ ನಡುವಿಗೆ ಬೇಲಿ ನೋಡಲು ಸಮಿತಿಯ ಕಡೆಯವರು ಬಂದರು. ಪುವಾನ್ ಹಸ್ನಾ (ಪುವಾನ್ ಎಂದರೆ ಇಲ್ಲಿಯವರ ಶ್ರೀಮತಿ) ಎಂಬ ನಡುವಯಸ್ಸಿನ ಹೆಂಗಸು, ತಲೆಗೆ ತಿಳಿನೀಲಿ ವಸ್ತ್ರ, ಮಾಸ್ಕಿನ ಮೇಲೆ ನಗುವ ಕಣ್ಣು. ಕೈಯಲ್ಲಿ ಅಳತೆಪಟ್ಟಿ, ಮತ್ತೆ ಸರಳಿನ ಸಂದಿಯಲ್ಲಿ ಮಗು ತೂರೀತೇ ಎಂದು ನೋಡಲು ಒಂದು ಗಟ್ಟಿ ಚೆಂಡು. ಚೆಂಡು ಸರಳುಗಳ ನಡುವೆ ತೂರಲಿಲ್ಲ. ಅಲ್ಲಿಗೆ ಅನಿತಾಳ ಮುಖ ಅರಳಿತು. ಆಮೇಲೆ ಹಸ್ನಾ ಬಾಗಿಲ ಹತ್ತಿರ ಹೋಗಿ ಕಲ್ಲನ್ನು ನೋಡಿದರು. ಬಸಳೆಯ ಹತ್ತಿರ ಹೋಗಿ ಎಲೆ ಸರಿಸಿ ಬಿದಿರಿನ ಕಡ್ಡಿಗಳನ್ನು ನೋಡಿದರು. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೊಳದ ಕಡೆ ನೋಡಿದರು. ಹಸಿರಿನ ಗೋಡೆ ಬಿಟ್ಟು ಒಂದು ಹನಿ ನೀರೂ ಕಾಣಲಿಲ್ಲ.

"ಆಂಟಿ, ವೆರಿ ನೈಸ್ ಗಾರ್ಡನ್" ಎಂದರು ಜಲಜಕ್ಕನಿಗೆ, ಮಾತಿನ ಕೊನೆಗೊಂದು 'ಲಾ' ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ. "ಬಟ್ ಕೆನಾಟ್ ಲಾ. ದಿಸ್ ಒನ್ ಲ್ಯಾಡರ್ ಆಲ್ರೆಡಿ."

"ಎಂತಂತೆ?" ಎಂದರು ಜಲಜಕ್ಕ.

"ಏಣಿ ಅಂತೆ" ಎಂದ ಜಯಕರ ಸಣ್ಣ ದನಿಯಲ್ಲಿ.

ಬಳ್ಳಿ, ಕಡ್ಡಿ ಎಲ್ಲ ತೆಗೆಯಬೇಕು, ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತಿರಬೇಕು, ಒಳಗಿನಿಂದ ನೀರು ಕಾಣಬೇಕು, ದೀಪಾವಳಿಗೆ ಮೊದಲು ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಪುವಾನ್ ಹಸ್ನಾ ಹೊರಟರು. ಹೋಗುವಾಗ ಈ ಸೊಪ್ಪು ತಮ್ಮ ಮನೆಯಲ್ಲೂ ತಿನ್ನುತ್ತೇವೆ, ಬೆಳ್ಳುಳ್ಳಿ ಹಾಕಿ ಬಾಡಿಸಿದರೆ ಬಹಳ ರುಚಿ ಎಂದರು. ಜಲಜಕ್ಕ ನಗಲಿಲ್ಲ.

ಗೇಟು ಮುಚ್ಚಿದ್ದೇ ತಡ, ಅನಿತಾಳ ಕನ್ನಡ ಪೂರ್ತಿ ಧಾರವಾಡಕ್ಕೆ ಹೋಯಿತು. "ಅಲ್ರಿ, ಕೂಸು ಹತ್ತಬಾರ್ದು ಅಂತ ಬೇಲಿ ಹಾಕಸಿದ್ರ, ಬೇಲಿಗೇ ಮೆಟ್ಟಲಾ ಕಟ್ಟೀರೆಲ್ಲಾ! ಬಾಗಲಕ್ಕ ಕಲ್ಲು ಬ್ಯಾರೆ! ನನ್ನ ನೌಕರಿ ಹೋದ್ರೂ ನಡೀತೈತೇನ್ರಿ ನಿಮಗ?"

"ಒಂದೂವರೆ ವರ್ಷದ ಮಾಣಿ ಬಸಳೆ ಹತ್ತಲಿಕ್ಕೆ ಅವನೇನು ಕಂಬಳಿಹುಳವಾ?" ಎಂದರು ಮಾಸ್ಟ್ರು.

"ಮಾಮಾ, ನೀವ ಕಟ್ಟೀರಿ ಅದನ್ನ. ಆನಿ ಹತ್ತಿದ್ರೂ ಬೀಳಂಗಿಲ್ಲ ಅಂದ್ರೆಲ್ಲಾ!"

ಮಾಸ್ಟ್ರು ಮಂಡಿ ತಿಕ್ಕಿಕೊಳ್ಳತೊಡಗಿದರು. ಉತ್ತರ ಕೊಟ್ಟವರು ಜಲಜಕ್ಕ. "ನಾನು ನೆಟ್ಟದ್ದು ವಿಷದ ಬಳ್ಳಿ ಅಲ್ಲ. ಮಗು ಮಲಗಿದ್ದಾಗ ಮಾತ್ರ ಕಲ್ಲು ಇಡುವುದು. ಎದ್ದಿದ್ದಾಗ ನನ್ನ ಸೊಂಟದಲ್ಲೇ ಇರ್ತಾನೆ. ಅದನ್ನು ನೋಡದವರು ಚೆಂಡು ಹಿಡ್ಕೊಂಡು ಬಂದು ನನಗೆ ಬುದ್ಧಿ ಹೇಳುವುದು ಬೇಡ. ಬಸಳೆಗೆ ಈಗಷ್ಟೇ ಜೀವ ಬಂದದ್ದು. ನಾನು ಕೀಳುವುದಿಲ್ಲ. ಕೀಳ್ಬೇಕಾದ್ರೆ ನೀವೇ ಕಿತ್ತುಕೊಳ್ಳಿ."

"ಕಿತ್ತುಕೊಳ್ಳಿ" ಎಂದರೇನೋ ನಿಜ. ಆದರೆ ಅತ್ತೆ ನೆಟ್ಟ ಗಿಡಕ್ಕೆ ಅವರೆದುರೇ ಕತ್ತಿ ಹಾಕುವ ಎದೆಗಾರಿಕೆ ಅನಿತಾಳಿಗೂ ಇಲ್ಲ, ಅವಳ ಗಂಡನಿಗಂತೂ ಮೊದಲೇ ಇಲ್ಲ. "ನನಗೆ ವಾರ್ಡೇ ವಾಸಿ. ಅಲ್ಲಿ ಶಾಂತಿ ಉಂಟು" ಎಂದು ಅವನು ಹೆಚ್ಚುವರಿ ಡ್ಯೂಟಿ ಹಾಕಿಸಿಕೊಂಡ. ಗಂಡಸರ ಜಾಣತನವೇ ಇಷ್ಟು.

ಮುಂದಿನ ದಿನಗಳಲ್ಲಿ ಮನೆಯೊಳಗೆ ಮಾತು ಮೂರನೆಯವರ ಮೂಲಕ ನಡೆಯಿತು. "ತನ್ವೀ, ಅಜ್ಜಿಗೆ ಕೇಳು, ಚಾ ಬೇಕಾ ಅಂತ." "ತನ್ವೀ, ಅಮ್ಮನಿಗೆ ಹೇಳು, ನನಗೆ ಚಾ ಮಾಡ್ಕೊಳ್ಳಲಿಕ್ಕೆ ಬರ್ತದೆ ಅಂತ." ಜಲಜಕ್ಕ ಬಸಳೆ ಅಡುಗೆ ನಿಲ್ಲಿಸಿದರು. ಗಂಜಿ, ಉಪ್ಪಿನಕಾಯಿ, ಬೆಂದ ಮೊಟ್ಟೆ. ಅನಿತಾ ಸಿಟ್ಟಿಗೆ ಜೋಳದ ರೊಟ್ಟಿ ಬಡಿದಳು, ಬಡಿದ ಸದ್ದು ದೇವಕಿಯಕ್ಕನ ಮನೆಗೂ ಕೇಳಿಸಿತು. ಮಾಸ್ಟ್ರು ಎರಡೂ ಕಡೆ ತಟ್ಟೆ ಒಡ್ಡಿ ಯಾರನ್ನೂ ಬೇಸರಿಸದೆ ಉಂಡರು.

"ಅಜ್ಜಿ ಈಸ್ ಆನ್ ಸ್ಟ್ರೈಕ್, ಲಾ" ಎಂದು ತನ್ವಿ ಅಪ್ಪನಿಗೆ ಫೋನಿನಲ್ಲಿ ವರದಿ ಒಪ್ಪಿಸಿದಳು. "ಕೆನ್ ಯೂ ತಪಾವ್ ಫ್ರೈಡ್ ರೈಸ್?" ಅವನು ಬರುವಾಗ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಪೊಟ್ಟಣ ಕಟ್ಟಿಸಿಕೊಂಡು ಬಂದ. ಅಜ್ಜಿಯೂ ಅಮ್ಮನೂ ಬೇಡ ಬೇಡ ಎನ್ನುತ್ತಲೇ ಒಂದೊಂದು ಚಮಚ ತಿಂದರು.

ದೀಪಾವಳಿಗೆ ಸ್ವಲ್ಪ ದಿನ ಇರುವಾಗ ವಿಭಾಗದ ಮುಖ್ಯಸ್ಥರ ಫೋನ್ ಬಂತು. ಅನಿತಾ ಮೆಟ್ಟಿಲ ಮೇಲೆ ಕೂತು ಮಾತಾಡಿದಳು. ಅಡುಗೆಮನೆಯಲ್ಲಿದ್ದ ಜಲಜಕ್ಕನಿಗೆ ಇಂಗ್ಲಿಷ್ ಅರ್ಥವಾಗಲಿಲ್ಲ, ಆದರೆ ಸೊಸೆಯ ದನಿ ಕುಗ್ಗುತ್ತ ಹೋದದ್ದು ಕಿವಿಗೆ ಬಿತ್ತು. ಫೋನ್ ಇಟ್ಟವಳು ನೇರ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದಳು.

"ನಿನ್ನ ಅಮ್ಮ ಎಂತ ಹೇಳಿದ್ದು?" ಎಂದು ಜಲಜಕ್ಕ ಮೊಮ್ಮಗಳ ಕೈ ಹಿಡಿದು ಕೇಳಿದರು.

"ಶೀ ಸೆಡ್ ಮೇಬಿ ಶೀ ಕೆನಾಟ್ ಜಾಯಿನ್" ಎಂದಳು ತನ್ವಿ. ಅಜ್ಜಿಗೆ ತಿಳಿಯಲಿಲ್ಲವೆಂದು ಕಂಡು, ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: "ಅಮ್ಮ ಕೆಲ್ಸಕ್ಕೆ ಹೋಗಲ್ಲ. ಈಗ ಅಳ್ತಿದ್ದಾರೆ."

ಜಲಜಕ್ಕ ಸೌಟು ಕೆಳಗಿಟ್ಟು ಒಲೆ ಆರಿಸಿದರು. ಸೊಸೆಯ ಕೆಲಸದ ಬಗ್ಗೆ ಅವರಿಗೆ ಎಷ್ಟು ಜಂಭವೆಂದು ಸೊಸೆಗೇ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿದಾಗಲೆಲ್ಲ "ನಮ್ಮ ಅನಿತಾ ಡಾಕ್ಟ್ರಿಗೆ ಪಾಠ ಮಾಡುವ ಡಾಕ್ಟ್ರು" ಎನ್ನುತ್ತಿದ್ದವರು ಅವರೇ. ಅವಳು ಮನೆಯಲ್ಲಿ ಕೂರುವುದಾ? ತನ್ನ ದೆಸೆಯಿಂದ? ಆದರೂ ಸೋಲೊಪ್ಪಲು ಮನಸ್ಸಿಲ್ಲ. ಗಂಡನ ಹತ್ತಿರ ಹೋಗಿ ತುಳುವಿನಲ್ಲಿ ಒಂದು ಉಪಾಯ ಹೇಳಿದರು. ಮಾಣಿಗೆ ಹತ್ತಲಿಕ್ಕೆ ಬರುವುದಿಲ್ಲ ಎಂದು ಕಣ್ಣಾರೆ ತೋರಿಸಿಬಿಟ್ಟರೆ? ಅದನ್ನು ವಿಡಿಯೋ ಮಾಡಿ ಆ ಹಸ್ನಾ ಎಂಬವರಿಗೂ ಕಳಿಸಬಹುದು. ಅಲ್ಲಿಗೆ ಬಸಳೆಯೂ ಉಳಿಯಿತು, ಸೊಸೆಯ ಕೆಲಸವೂ ಉಳಿಯಿತು.

ಮಾಸ್ಟ್ರಿಗೂ ಇದು ನ್ಯಾಯವಾಗಿ ಕಂಡಿತು. ಮರುದಿನ ಬೆಳಿಗ್ಗೆ ಅನಿತಾ ಮೇಲೆ ಪಾಠದಲ್ಲಿದ್ದಾಗ ಅವರು ಬೇಲಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ನೀರಿಗೆ ಬೆನ್ನು ಕೊಟ್ಟು ನಿಂತರು. ಕಾಲ ಬಳಿ ಅನೀಶನ ಕೆಂಪು ಚೆಂಡು ಇಟ್ಟರು. ಹೊರಗೆ ಜಲಜಕ್ಕ ಮಗುವನ್ನು ಸೊಂಟದಿಂದಿಳಿಸಿ, ಅವನ ಹಿಂದೆಯೇ ಎರಡೂ ಕೈ ಚಾಚಿ ನಿಂತರು. ತನ್ವಿಯ ಕೈಯಲ್ಲಿ ಫೋನು.

ಅನೀಶ ಬೇಲಿಯ ಮುಂದೆ ನಿಂತು ಚೆಂಡನ್ನು ನೋಡಿದ. ಅಜ್ಜನನ್ನು ನೋಡಿದ. ಒಂದು ಬಸಳೆ ಎಲೆ ಕಿತ್ತು ಬಾಯಿಗಿಟ್ಟು ಉಗುಳಿದ.

"ನೋಡು, ನಾನು ಹೇಳಿರಲಿಲ್ವಾ?" ಎಂದರು ಮಾಸ್ಟ್ರು.

ಅಷ್ಟರಲ್ಲಿ ಮಗು ಮೊದಲ ಬಿದಿರು ಕಡ್ಡಿಯ ಮೇಲೆ ಕಾಲಿಟ್ಟಿತು. ಎರಡನೆಯದನ್ನು ಕೈಯಲ್ಲಿ ಹಿಡಿಯಿತು. ಮಾಸ್ಟ್ರ ಗಂಟು ಒಂದೂ ಸಡಿಲವಾಗಲಿಲ್ಲ. ಅಜ್ಜಿ ಉಸಿರು ಎಳೆದುಕೊಳ್ಳುವುದರೊಳಗೆ ಅನೀಶ ಮೇಲಿನ ಸರಳಿಗೆ ಹೊಟ್ಟೆ ಆನಿಸಿ, ಒಂದು ಕಾಲು ಆಚೆ ಹಾಕಿ, ಚೆಂಡಿನ ಕಡೆ ಬಾಗಿ ಕೇಕೆ ಹಾಕಿ ನಗುತ್ತಿದ್ದ. ಆಚೆಯಿಂದ ಅಜ್ಜ, ಈಚೆಯಿಂದ ಅಜ್ಜಿ ಇಬ್ಬರೂ ಒಟ್ಟಿಗೇ ಹಿಡಿದರು. ಜಲಜಕ್ಕ ಅವನನ್ನು ಎದೆಗೆ ಒತ್ತಿಕೊಂಡು ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟರು. ಜೀವಮಾನದಲ್ಲಿ ಅಷ್ಟು ಹೆದರಿದ್ದೇ ಇಲ್ಲ.

ಮೇಲಿನ ಕಿಟಕಿಯಲ್ಲಿ ಅನಿತಾ ಕಂಡದ್ದು ಇಷ್ಟೇ: ಬೇಲಿಯ ತುದಿಯಲ್ಲಿ ಮಗ, ಕೈ ಚಾಚಿ ನಿಂತು ನೋಡುತ್ತಿರುವ ಅತ್ತೆ ಮಾವ, ವಿಡಿಯೋ ಮಾಡುತ್ತಿರುವ ಮಗಳು. ಪಾಠ ಕೇಳುತ್ತಿದ್ದ ಹುಡುಗರಿಗೆ ಏನೂ ಹೇಳದೆ ಮೆಟ್ಟಿಲು ಹಾರಿ ಬಂದಳು. ಕಿವಿಗೆ ಹಾಕಿದ್ದ ವೈರು ಕೊರಳಲ್ಲೇ ನೇತಾಡುತ್ತಿತ್ತು.

"ಏನ್ ನಡಸೀರಿ ಇಲ್ಲೆ? ಏನ್ ನಡಸೀರ್ರಿ? ಬುದ್ಧಿ ಐತೇನ್ರಿ ನಿಮಗ?"

ಸೊಸೆ ಹಾಗೆ ಮಾತಾಡಿದ್ದು ಅದೇ ಮೊದಲು. ಮಾಸ್ಟ್ರು ಬೇಲಿಯೊಳಗಿಂದ ಏನೋ ವಿವರಿಸಲು ಹೋದರು. ಜಲಜಕ್ಕ ಕೈಯೆತ್ತಿ ಗಂಡನನ್ನು ತಡೆದರು. ಮುಖ ಬಿಳಿಚಿಕೊಂಡಿತ್ತು, ಸೆರಗಿನ ತುಂಬ ಕೆಸರು.

"ಬೈಯಿ ಮಗಾ. ಎಷ್ಟು ಬೈಯಬೇಕೋ ಅಷ್ಟು ಬೈದು ಮುಗಿಸು" ಎಂದರು. "ಆಮೇಲೆ ಒಳಗಿನಿಂದ ಕತ್ತಿ ತಾ."

ಅನಿತಾಳಿಗೆ ಇನ್ನೂ ಬೈಗುಳ ಬಾಕಿ ಇತ್ತು, ಆದರೆ ಎದುರಿಗೆ ಕೂತವರು ಮಗುವನ್ನು ಅವಳ ಕೈಗೆ ಚಾಚಿದರು. ಅವಳೂ ಹುಲ್ಲಿನ ಮೇಲೆ ಕೂತಳು. ಮಗು ಇಬ್ಬರ ನಡುವೆ ನಿಂತು ಮತ್ತೆ ಬೇಲಿಯ ಕಡೆ ಕೈ ತೋರಿಸಿ "ಹತ್ತು, ಹತ್ತು" ಎಂದಿತು. ಮೊದಲು ನಕ್ಕವರು ಯಾರೆಂದು ಆಮೇಲೆ ಇಬ್ಬರಿಗೂ ನೆನಪಿರಲಿಲ್ಲ. ಅನಿತಾಳಂತೂ ನಗುತ್ತ ನಗುತ್ತಲೇ ಅತ್ತಳು.

"ಮೇಲೆ ಹುಡುಗರು ಕಾಯ್ತಿರಬೇಕಲ್ಲ" ಎಂದರು ಜಲಜಕ್ಕ.

"ಕಾಯಲಿ ಬಿಡ್ರಿ ಅತ್ಯಾರ. ಕತ್ತಿ ಎಲ್ಲೈತಿ?"

ಬಸಳೆ ಬುಟ್ಟಿಗಟ್ಟಲೆ ಬಂತು. ಕತ್ತರಿಸುವಾಗ ಜಲಜಕ್ಕನಿಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಒಂದು ಎಲೆಯೂ ಹಾಳಾಗಲು ಬಿಡಲಿಲ್ಲ. ದೇವಕಿಯಕ್ಕನಿಗೆ ಒಂದು ಕಟ್ಟು, ಎದುರು ಮನೆಯವರಿಗೆ ಒಂದು, ಗೇಟಿನ ಕಾವಲುಗಾರರಿಗೂ ಒಂದು. ಮನೆಯಲ್ಲಿ ಎರಡು ಪಾತ್ರೆ ಒಲೆಯೇರಿತು: ಒಂದರಲ್ಲಿ ಸಿಗಡಿ ಹಾಕಿದ ಗಸಿ, ಇನ್ನೊಂದರಲ್ಲಿ ಅನಿತಾಳಿಗೆಂದು ಬರೀ ಬೇಳೆಯ ಹುಳಿ. ಉಳಿದ ದಂಟುಗಳನ್ನು ಮಾಸ್ಟ್ರು ಮನೆಯ ಮುಂಭಾಗದಲ್ಲಿ, ಕೊಳದಿಂದ ಆದಷ್ಟು ದೂರ, ಕಾರು ನಿಲ್ಲಿಸುವ ಕಡೆ ನೆಟ್ಟರು. ಗಂಟು ಬಿಚ್ಚುವಾಗ ಮಾತ್ರ ಅವರಿಗೆ ಸಾಕುಸಾಕಾಯಿತು, ಅಷ್ಟು ಬಿಗಿದಿದ್ದರು. "ನನ್ನ ಕೈಕೆಲಸಕ್ಕೆ ಬೆಲೆ ಇಲ್ಲದ ಮನೆ" ಎಂದು ಗೊಣಗಿ, ಹೆಂಡತಿ ಒಮ್ಮೆ ದುರುಗುಟ್ಟಿದ ಮೇಲೆ ಬಾಯಿ ಮುಚ್ಚಿದರು. ಬಟ್ಟೆ ಒಣಗುವ ಜಾಗವೂ ಅಂಗಳಕ್ಕೆ ಬಂತು. ಬಾಗಿಲ ಕಲ್ಲನ್ನು ಜಲಜಕ್ಕ ತಾವೇ ಎತ್ತಿ ಕಾಂಪೌಂಡಿನ ಮೂಲೆಗೆ ಹಾಕಿದರು.

ದೀಪಾವಳಿಯ ಹಿಂದಿನ ದಿನ ಪುವಾನ್ ಹಸ್ನಾ ಮತ್ತೆ ಬಂದರು. ಚೆಂಡು ತೂರಲಿಲ್ಲ. ಬಾಗಿಲನ್ನು ಒಂದು ಬೆರಳಿನಷ್ಟು ತೆರೆದು ಬಿಟ್ಟರು, ಅದು ತಾನಾಗಿ ಹೋಗಿ ಟಕ್ಕೆಂದು ಕೂತಿತು. ಮೊಣಕಾಲೂರಿ, ಮಗುವಿನ ಎತ್ತರದಿಂದ ಬೇಲಿಯ ಸುತ್ತ ನೋಡಿದರು. ಅಡುಗೆಮನೆಯ ಕಿಟಕಿಯಿಂದ ನೀಲಿ ನೀರು ಸ್ಪಷ್ಟವಾಗಿ ಕಂಡಿತು. ತನ್ವಿ ಅಜ್ಜನ ಜತೆ ಆ ನೀರಿನಲ್ಲೇ ಕೈಕಾಲು ಬಡಿಯುತ್ತಿದ್ದಳು.

"ಓಕೆ ಲಾ, ಪಾಸ್" ಎಂದರು. ಅನಿತಾ ಕಣ್ಣುಮುಚ್ಚಿ ಉಸಿರು ಬಿಟ್ಟಳು. "ಒನ್ ಮೋರ್ ಥಿಂಗ್" ಎಂದು ತಮ್ಮ ಇಂಗ್ಲಿಷಿನಲ್ಲೇ ಮುಂದುವರಿಸಿದರು. "ಬಾಗಿಲಿಗೆ ಒಂದು ಫಲಕ ಹಾಕುತ್ತೇವೆ. ಕೊಳಕ್ಕೆ ಹೊಣೆಯಾದವರು ಯಾರು ಅಂತ ಅದರಲ್ಲಿ ಒಂದು ಹೆಸರು ಇರಬೇಕು."

ಜಯಕರ ಅದನ್ನು ಅಮ್ಮನಿಗೆ ಬಿಡಿಸಿ ಹೇಳಿ, "ನನ್ನ ಹೆಸರು ಹಾಕಿ, ಡಾಕ್ಟರ್ ಜಯಕರ" ಎಂದ, ಮನೆಯ ಯಜಮಾನನ ಗತ್ತಿನಲ್ಲಿ.

"ಹಗಲು ನೀವು ಮನೆಯಲ್ಲಿ ಇರ್ತೀರಾ, ಡಾಕ್ಟರ್?"

ಅವನು ತಲೆ ಕೆರೆದುಕೊಂಡ. ಮಾಸ್ಟ್ರು ನೀರಿನಿಂದ ತಲೆಯೆತ್ತಿ ತಾನಿದ್ದೇನಲ್ಲ ಎಂಬಂತೆ ನೋಡಿದರು. ಜಲಜಕ್ಕ ತಮಗೂ ಇದಕ್ಕೂ ಸಂಬಂಧವಿಲ್ಲವೆಂದು ಅನೀಶನ ಮೂಗು ಒರೆಸುತ್ತಿದ್ದರು. ಅಷ್ಟೆಲ್ಲ ಆದ ಮೇಲೆ ತನ್ನ ಹೆಸರ ಮಾತೇ ಬೇಡ ಎಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿದ್ದರು.

"ಜಲಜಾಕ್ಷಿ" ಎಂದಳು ಅನಿತಾ.

ಮನೆಯವರೆಲ್ಲ ತಿರುಗಿ ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆಯ ಹೆಸರು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಹಿರಿಯರ ಹೆಸರು ಹೇಳಬಾರದೆಂದು ಬೆಳೆದವಳು. ಆಸ್ಪತ್ರೆಯಲ್ಲಿ ಅತ್ತೆಗೆ ಲಸಿಕೆ ಹಾಕಿಸುವಾಗ ಕೂಡ ಹೆಸರನ್ನು ಗಂಡನಿಂದಲೇ ಹೇಳಿಸಿದ್ದಳು. ಈಗ ಪುವಾನ್ ಹಸ್ನಾಗೆ ಅರ್ಥವಾಗಲೆಂದು ಒಂದೊಂದೇ ಅಕ್ಷರ ಬಿಡಿಸಿ ಮತ್ತೊಮ್ಮೆ ಹೇಳಿದಳು. ಆಮೇಲೆ ಅತ್ತೆಯ ಕಡೆ ತಿರುಗಿ ನಾಲಗೆ ಕಚ್ಚಿಕೊಂಡು, "ತಪ್ಪು ತಿಳೀಬ್ಯಾಡ್ರಿ ಅತ್ಯಾರ" ಎಂದಳು.

"ಇಲ್ಲ ಇಲ್ಲ, ಹೇಳಿದ್ದು ಸರಿಯಾಗಿಯೇ ಉಂಟು" ಎಂದರು ಜಲಜಕ್ಕ. ಕಣ್ಣು ತುಂಬಿ ಬಂದದ್ದನ್ನು ಮುಚ್ಚಲು ಮಗುವಿನ ಮೂಗನ್ನು ಇನ್ನೊಮ್ಮೆ ಒರೆಸಿದರು. ಅದು ಕಿರುಚಿತು.

ಹಬ್ಬ ಚೆನ್ನಾಗಿಯೇ ಕಳೆಯಿತು. ಸೋಮವಾರ ಬೆಳಿಗ್ಗೆ ಅನಿತಾ ಸೀರೆ ಉಟ್ಟು, ಎರಡು ಮಾಸ್ಕು ಹಾಕಿ, ಕಾರಿನಲ್ಲಿ ಹೊರಟಳು. ಅನೀಶ ಸ್ವಲ್ಪ ಅತ್ತ, ನೀರುದೋಸೆ ಕೈಗೆ ಬಂದ ಮೇಲೆ ಮರೆತ.

"ನೋಡ್ತಾ ಇರು, ಊಟದ ಹೊತ್ತಿನೊಳಗೆ ಹತ್ತು ಸಲ ಫೋನ್ ಮಾಡ್ತಾಳೆ" ಎಂದರು ಮಾಸ್ಟ್ರು.

ಜಲಜಕ್ಕನೂ ಹಾಗೇ ಎಣಿಸಿದ್ದರು. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಗುವಿಗೆ ಸ್ನಾನ ಮಾಡಿಸಿದರು, ಉಣಿಸಿದರು, ಮಲಗಿಸಿದರು. ಕೇಳಿದರೆ ಹೇಳಲು ಉತ್ತರಗಳನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದರು: ಬಾಗಿಲು ಹಾಕಿದೆ, ಎಳೆದು ನೋಡಿದ್ದೇನೆ, ಮಗು ನನ್ನ ಕಣ್ಣೆದುರೇ ಉಂಟು. ಫೋನ್ ಬರಲಿಲ್ಲ. ಚಾರ್ಜ್ ಹೋಗಿದೆಯೋ ಎಂದು ನೋಡಿದರು, ಇತ್ತು. ಮಧ್ಯಾಹ್ನವೂ ಬರಲಿಲ್ಲ. ಸಂಜೆಯ ಮಳೆ ಶುರುವಾದಾಗ ಅವರಿಗೆ ಮಗುವಿನದ್ದಲ್ಲ, ಸೊಸೆಯದೇ ಚಿಂತೆ ಹತ್ತಿತು.

ಕತ್ತಲಾಗುವ ಹೊತ್ತಿಗೆ ಅನಿತಾ ಬಂದಳು. ದಣಿದಿದ್ದಳು, ಆದರೆ ಮುಖದಲ್ಲಿ ಬಹಳ ದಿನದಿಂದ ಕಾಣದ ಕಳೆ ಇತ್ತು. ಬ್ಯಾಗಿಟ್ಟು ಸ್ನಾನ ಮಾಡಿ ಬಂದು, ಮಗನನ್ನು ಎತ್ತಿಕೊಂಡು ನೇರ ಊಟಕ್ಕೆ ಕೂತಳು. ಹುಡುಗರ ಬಗ್ಗೆ, ಲ್ಯಾಬಿನಲ್ಲಿ ಧೂಳು ಹಿಡಿದ ಮೈಕ್ರೋಸ್ಕೋಪುಗಳ ಬಗ್ಗೆ ಮಾತೇ ಮಾತು.

ಜಲಜಕ್ಕ ಬಡಿಸುತ್ತ ಕೇಳಿದರು, ದನಿಯಲ್ಲಿ ಸ್ವಲ್ಪ ಮುನಿಸು ಇಟ್ಟುಕೊಂಡೇ: "ಬೆಳಗಿನಿಂದ ಒಂದು ಫೋನಾದ್ರೂ ಮಾಡಬಾರದಾ?"

ಅನಿತಾ ಎಡಗೈಯಿಂದ ಹಣೆ ಚಚ್ಚಿಕೊಂಡಳು. "ಅಯ್ಯ! ಮರತೇಬಿಟ್ಟೆ ನೋಡ್ರಿ ಅತ್ಯಾರ. ಮನೀ ನೆನಪಾ ಆಗಲಿಲ್ಲ!"

ಒಂದೂವರೆ ವರ್ಷದಿಂದ ಅತ್ತೆ ಕಾಯುತ್ತಿದ್ದದ್ದು ಆ ಮಾತಿಗೇ. ಜಲಜಕ್ಕ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಹುಳಿ ಸುರಿದರು, ಬೇಡ ಎಂದರೂ ಬಿಡಲಿಲ್ಲ.

"ನಾಳೆಯೂ ಮರೆತುಬಿಡು" ಎಂದರು.